ರೈಟ್ ಹೇಳಿದ ಕಂಡಕ್ಟರ್

ಬಾಗಿಲು ಬುಸ್ಸೆಂದು ತಾನಾಗಿಯೇ ಮುಚ್ಚಿಕೊಂಡಿತು. ಕೈ ಚಾಚಿದ ಕಂಡಕ್ಟರ್ ಚಾಚಿದಂತೆಯೇ ಬೀದಿಯಲ್ಲಿ ನಿಂತ. "ಏ, ಹೋಲ್ಡಾನ್! ಹೋಲ್ಡಾನ್!" ಎಂದು ಕಿರುಚಿದ್ದು ಗಾಜಿನ ಒಳಗಿದ್ದ ಯಾರಿಗೂ ಕೇಳಿಸಲಿಲ್ಲ. ಪ್ರವಾಸಿಗಳ ಬಸ್ಸು ಕೋಟೆ ಬಾಗಿಲು ದಾಟಿ ಇಳಿಜಾರಿನಲ್ಲಿ ಮರೆಯಾಯಿತು.

ತಪ್ಪು ಅವನದೇ. ನಿವೃತ್ತನಾಗಿ ನಾಲ್ಕು ವರ್ಷವಾದರೂ ಚಟ ಬಿಟ್ಟಿರಲಿಲ್ಲ. ಈ ಪರದೇಶಕ್ಕೆ ಬಂದ ಮೂರು ದಿನದಿಂದಲೂ ಎಲ್ಲರನ್ನೂ ಹತ್ತಿಸಿ, ತಲೆ ಎಣಿಸಿ, ಬಾಗಿಲಲ್ಲಿ ನಿಂತು ಬಸ್ಸಿಗೆ ಎರಡು ಸಲ ಬಡಿದು "ರೈಟ್" ಅನ್ನುತ್ತಿದ್ದ. ಗೈಡ್ ಹೆಂಗಸಿಗೂ ತಮಾಷೆ ಅನಿಸಿ ಆ ಕೆಲಸ ಅವನಿಗೇ ಬಿಟ್ಟುಬಿಟ್ಟಿದ್ದಳು. ಇವತ್ತು ಸಂಜೆ ಹಳೇ ಊರಿನ ಕಲ್ಲುಬೀದಿ, ಗೋಪುರ, ಕಮಾನು ನೋಡಿದ ಖುಷಿಯಲ್ಲಿ ಮೈ ಮರೆತ. ಕೆಳಗೆ ನಿಂತೇ ರೈಟ್ ಕೊಟ್ಟು, ಬಸ್ಸು ಹೊರಟ ಮೇಲೆ ಫುಟ್‌ಬೋರ್ಡಿಗೆ ಹಾರಲು ಹೋದ. ಈ ಬಸ್ಸಿಗೆ ಫುಟ್‌ಬೋರ್ಡೇ ಇಲ್ಲ ಅಂತ ಆ ಕ್ಷಣ ಹೊಳೆಯಬೇಕಲ್ಲ!

ಹೆಂಡತಿಯೋ ಮುಂದಿನ ಸೀಟಿನಲ್ಲಿ. ಗಂಡ ಹಿಂದೆ ಎಲ್ಲೋ ಇದ್ದಾನೆ ಎಂದುಕೊಂಡೇ ಮೂವತ್ತು ವರ್ಷ ಪ್ರಯಾಣ ಮಾಡಿದವಳು. ಬಸ್ಸು ಅಲುಗಾಡಿದರೆ ಸಾಕು, ನಿದ್ದೆ. ಫೋನು, ಪಾಸ್‌ಪೋರ್ಟು, ದುಡ್ಡು ಎಲ್ಲ ಅವಳ ಚೀಲದಲ್ಲಿ. "ನಿಮ್ಮ ಕೈಗೆ ಕೊಟ್ರೆ ಮುಗೀತು ಕಥೆ," ಎಂದು ಅವಳೇ ಇಟ್ಟುಕೊಂಡಿದ್ದಳು. ಹೋಟೆಲಿನ ಹೆಸರು ಅವನ ನಾಲಿಗೆ ಮೇಲೆ ಹೊರಳುತ್ತಿರಲಿಲ್ಲ. ನೆನಪಿಟ್ಟುಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

"ಅಡ್ಡದಾರಿ ಹಿಡಿದರೆ ಕೆಳಗೆ ಸಿಕ್ಕೇ ಸಿಗುತ್ತೆ," ಎಂದುಕೊಂಡು ಒಂದು ಸಂದಿಗೆ ನುಗ್ಗಿದ. ಅಲ್ಲೇ ಕೆಟ್ಟದ್ದು. ಆ ಸಂದಿ ಇನ್ನೊಂದು ಸಂದಿಗೆ ಹೊರಳಿತು, ಅದು ಮತ್ತೊಂದಕ್ಕೆ. ಎರಡೂ ಕಡೆ ಎತ್ತರದ ಕಲ್ಲುಗೋಡೆ, ಮುಚ್ಚಿದ ಕಿಟಕಿಗಳು. ಸ್ವಲ್ಪ ಹೊತ್ತಿನ ಹಿಂದೆ "ಎಷ್ಟು ಚೆಂದ ಅಲ್ವೇನೇ!" ಎಂದು ಹೆಂಡತಿಗೆ ತೋರಿಸಿದ್ದೂ ಇಂಥವೇ ಗೋಡೆಗಳನ್ನು. ಈಗ ನೋಡಿದರೆ ಎದೆ ಝಲ್ಲೆನ್ನುತ್ತಿತ್ತು.

ಸಮವಸ್ತ್ರದವನೊಬ್ಬ ಎದುರಾಗಿ ಏನೋ ಕೇಳಿದ. ಕಾಗದ ಪತ್ರ ಕೇಳ್ತಿದ್ದಾನೋ, ಕ್ಷೇಮ ಕೇಳ್ತಿದ್ದಾನೋ ತಿಳಿಯದೆ ಕಂಡಕ್ಟರ್ "ಬಸ್ಸು... ನಮ್ ಬಸ್ಸು" ಎಂದ. ಅವನು ಎತ್ತಲೋ ಕೈ ತೋರಿಸಿ ಹೋದ. ಅಯ್ಯೋ ಶಿವನೇ, ಈ ಊರಿನಲ್ಲಿ ಎಷ್ಟು ಬಸ್ಸುಗಳಿವೆಯೋ! ದಿನಕ್ಕೆ ಸಾವಿರ ಜನರನ್ನು ಅವರವರ ಜಾಗಕ್ಕೆ ಇಳಿಸಿದವನು ಅಳು ನುಂಗಿಕೊಂಡು, ಗೋಡೆ ಹಿಡಿದುಕೊಂಡು, ಸಮವಸ್ತ್ರದವನು ತೋರಿಸಿದ ಕಡೆಗೇ ನಡೆದ.

ಸಂದಿ ಮುಗಿದದ್ದು ಅದೇ ಕೋಟೆ ಬಾಗಿಲ ಮುಂದೆ. ಬಸ್ಸು ಮರಳಿ ಬಂದು ನಿಂತಿತ್ತು! ಇವತ್ತು ಯಾಕೆ ನಿದ್ದೆ ಹತ್ತಲಿಲ್ಲವೋ, ಅವನ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು, ಮಂಡಿನೋವು ಮರೆತು, ದಾರಿಹೋಕರನ್ನೆಲ್ಲ ಅಡ್ಡಗಟ್ಟುತ್ತಿದ್ದಳು. "ನಮ್ಮನೆಯವ್ರನ್ನ ನೋಡಿದ್ರಾ? ನಮ್ಮನೆಯವ್ರು ಕಣ್ರೀ..." ಅಪ್ಪಟ ಕನ್ನಡದಲ್ಲೇ ಕೇಳುತ್ತಿದ್ದಳು. ಅವರು ತಿಳಿಯದೆ ತಲೆಯಾಡಿಸಿದರೆ, ಕೈ ಎತ್ತಿ ಗಂಡನ ಎತ್ತರ ತೋರಿಸುತ್ತಿದ್ದಳು.

ಕರೆಯಲು ಬಾಯಿ ತೆರೆದವನು ಅವಳ ಕೈಯನ್ನೇ ನೋಡುತ್ತ ನಿಂತ. ಅವನು ಅವಳ ಕಿವಿಯ ಮಟ್ಟಕ್ಕೆ ಬರುವವನು. ಮದುವೆಯ ಫೋಟೋದಲ್ಲಿ ಮಣೆಯ ಮೇಲೆ ನಿಂತವನು. ಅವಳ ಕೈ ಮಾತ್ರ ಅವಳ ತಲೆಯನ್ನು ದಾಟಿ, ಹಿಮ್ಮಡಿ ಎತ್ತಿ ನಿಂತರೂ ಸಾಲದೆ, ಇನ್ನೂ ಮೇಲಕ್ಕೆ ಹೋಗುತ್ತಿತ್ತು.