ಮಂಜುಗಡ್ಡೆಯ ಮೇಲೊಂದು ಫ್ಲೋರಿಡಾ

ವಸಂತದ ರಜೆಗೆ ಫ್ಲೋರಿಡಾಕ್ಕೆ ಹೋಗುತ್ತೇವೆಂದು ನನ್ನ ಮಗಳು ಮಾರಿಟ್ ತರಗತಿಗೆಲ್ಲ ಸಾರಿಬಿಟ್ಟಿದ್ದಳು. ನನಗೆ ವೃದ್ಧಾಶ್ರಮದ ಕೆಲಸದಿಂದ ಸಿಕ್ಕಿದ್ದು ಮೂರೇ ದಿನ ಬಿಡುವು. ಅಷ್ಟರಲ್ಲಿ ನಮ್ಮೂರು ಬೆಮಿಜಿಯಿಂದ ಹೋಗಿಬರಬಹುದಾದದ್ದು ಇನ್ನೂ ಉತ್ತರಕ್ಕೆ, ಇನ್ನೂ ಚಳಿಗೆ, ನನ್ನಪ್ಪ ಹಾಲ್ವರ್ ಮೀನು ಹಿಡಿಯುವ ಸರೋವರಕ್ಕೆ. ಅಲ್ಲಿ ಮಾರ್ಚ್ ಕೊನೆಯಲ್ಲೂ ಮಂಜುಗಡ್ಡೆಯ ಮೇಲೆ ಟ್ರಕ್ ಓಡಿಸುತ್ತಾರೆ.

ಸುಳ್ಳಿನ ಸಂಗತಿ ನನಗೆ ಗೊತ್ತಾಗಿದ್ದು ದಾರಿಯ ಪೆಟ್ರೋಲ್ ಬಂಕಿನಲ್ಲಿ. ಅವಳ ಗೆಳತಿ ಟೇಗನ್ ಸಮುದ್ರದ ಫೋಟೋ ಕೇಳಿದ್ದಾಳಂತೆ. ಕಳಿಸದಿದ್ದರೆ ಸೋಮವಾರ ಇಡೀ ತರಗತಿ ತನ್ನನ್ನು ಸುಳ್ಳುಬುರುಕಿ ಅನ್ನುತ್ತದಂತೆ. ಹನ್ನೆರಡು ವರ್ಷದವಳಿಗೆ ಅದಕ್ಕಿಂತ ದೊಡ್ಡ ಆಪತ್ತಿಲ್ಲ. ಬೈಯಬೇಕಿತ್ತು, ಹಿಂದಿನ ರಾತ್ರಿಯ ಪಾಳಿ ಮುಗಿಸಿ ಬಂದಿದ್ದ ನನಗೆ ಬೈಯಲೂ ತ್ರಾಣವಿರಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲು ಕಣ್ಣು ಕುಕ್ಕುವಂತಿತ್ತು. ಮಾರಿಟ್ ಮಂಜುಗಡ್ಡೆಯ ಮೇಲೆ ಹಾಕಿದ್ದ ನಮ್ಮ ಗುಡಾರದಿಂದ ಈಜುಡುಗೆ, ಕಪ್ಪು ಕನ್ನಡಕ, ಕಾಲಿಗೆ ಹಿಮದ ಬೂಟು ಹಾಕಿಕೊಂಡು ಹೊರಬಂದಳು. ಮಡಚುವ ಕುರ್ಚಿಯ ಮೇಲೆ ಒರಗಿ ನನ್ನ ಕೈಗೆ ಫೋನು ಕೊಟ್ಟಳು.

"ಬೂಟು ಬರಬಾರದು ಅಮ್ಮ. ನೆಲಾನೂ ಬರಬಾರದು. ನಾನು, ಆಕಾಶ, ಅಷ್ಟೇ."

"ಹಲ್ಲು ಕಟಕಟ ಅಂತಿದೆಯಲ್ಲೇ."

"ಫೋಟೋದಲ್ಲಿ ಸದ್ದು ಕೇಳಲ್ಲ. ಬೇಗ ತೆಗಿ."

ಅಪ್ಪ ಕಾಫಿ ಕುಡಿಯುತ್ತಾ ನೋಡುತ್ತಿದ್ದ. "ಫ್ಲೋರಿಡಾದಲ್ಲಿ ಭೂಕಂಪ ಅಂತ ಬರಿ ಮಗಾ, ನಡುಗೋದಕ್ಕೆ ಕಾರಣ ಬೇಕಲ್ಲ."

ನಾಲ್ಕನೇ ಫೋಟೋ ಹೊತ್ತಿಗೆ, ಮಂಜುಗಡ್ಡೆಯಲ್ಲಿ ಕೊರೆದ ರಂಧ್ರಕ್ಕೆ ಇಳಿಬಿಟ್ಟಿದ್ದ ಅವಳ ಗಾಳದ ಬಾವುಟ ಮೇಲೆದ್ದಿತು, ಮೀನು ಕಚ್ಚಿತ್ತು. ನಮ್ಮ ಮನೆಯ ಕಟ್ಟಳೆ ಒಂದಿದೆ: ನಿನ್ನ ಬಾವುಟ ಎದ್ದರೆ ನೀನೇ ಓಡಬೇಕು, ತಡಮಾಡಿದರೆ ಮೀನು ಅಜ್ಜನದು. ಅಪ್ಪ ಆಗಲೇ ಲೋಟ ಕೆಳಗಿಟ್ಟಿದ್ದ. ಮಾರಿಟ್ ಅವನನ್ನು ಹಿಂದೆ ಹಾಕಿ ಈಜುಡುಗೆಯಲ್ಲೇ ಓಡಿದಳು. ರಂಧ್ರದ ಬಳಿ ಮಂಡಿಯೂರಿ ದಾರ ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಅವಳ ಹೆಗಲಿಗೆ ಹೊದೆಸಿದ ನನ್ನ ಕೋಟು ಎರಡು ಸಲ ಕೆಳಗೆ ಬಿತ್ತು. ಪಕ್ಕದ ಗುಡಾರದವರೂ ಬಂದು ನಿಂತರು. ಅವಳ ಉಡುಗೆಯ ಬಗ್ಗೆ ಯಾರೂ ಒಂದು ಮಾತು ಎತ್ತಲಿಲ್ಲ. ನಮ್ಮ ಕಡೆಯವರು ಮೀನು ಮೇಲೆ ಬರುವವರೆಗೆ ಬೇರೇನನ್ನೂ ನೋಡುವುದಿಲ್ಲ.

ಕೊನೆಗೂ ಬಂತು. ಮೈಮೇಲೆ ಬಿಳಿ ಚುಕ್ಕೆಯ ಹಸಿರು ಪೈಕ್, ಮೂವತ್ನಾಲ್ಕು ಇಂಚು. ಈ ಸರೋವರದ ಕಾನೂನಿನಂತೆ ಆ ಅಳತೆಯದನ್ನು ವಾಪಸ್ ಬಿಡಲೇಬೇಕು. ಅಪ್ಪ ಟೇಪು ಹಿಡಿದ, ಅವಳ ಫೋನಿನಲ್ಲೇ ಒಂದು ಫೋಟೋ ತೆಗೆದ, ಮಾರಿಟ್ ಮೀನನ್ನು ನೀರಿಗಿಳಿಸಿದಳು. ಬಾಲ ಒಮ್ಮೆ ಬಡಿದು ಅದು ಮಾಯವಾಯಿತು.

ಗುಡಾರದೊಳಗೆ ಒಲೆಯ ಮುಂದೆ ಎರಡು ಕಂಬಳಿ ಹೊದ್ದು ಕೂತವಳು ಆ ಫೋಟೋವನ್ನೇ ನೋಡಿದಳು. ಹಿಂದೆ ದಿಗಂತದವರೆಗೂ ಬಿಳುಪು. ಫೋಟೋದಿಂದ ಮಂಜುಗಡ್ಡೆಯನ್ನು ಕತ್ತರಿಸಿ ತೆಗೆಯಲು ನೋಡಿದಳು. ಮೀನಿನ ಬಾಲವೂ ಹೋಯಿತು. ಕತ್ತರಿಸಿದರೂ ಲಾಭವಿರಲಿಲ್ಲ. ಸಿಹಿನೀರಿನ ಪೈಕ್ ಮೀನು ಫ್ಲೋರಿಡಾದ ಸಮುದ್ರದ್ದು ಎಂದರೆ ಬೆಮಿಜಿಯಲ್ಲಿ ತೊಟ್ಟಿಲ ಕೂಸೂ ನಗುತ್ತದೆ.

ಆಕಾಶದ ಫೋಟೋ ಸಿದ್ಧವಾಗಿತ್ತು, ಚೆನ್ನಾಗಿಯೂ ಬಂದಿತ್ತು. ಅದನ್ನು ಕಳಿಸಿದರೆ ಮಾನ ಉಳಿಯುತ್ತದೆ, ಆದರೆ ಮೀನಿನ ಸುದ್ದಿ ಜನ್ಮದಲ್ಲಿ ಹೇಳುವಂತಿಲ್ಲ.

ಅವಳು ಮೀನಿನ ಫೋಟೋವನ್ನೇ ಇಡೀ ತರಗತಿಯ ಗುಂಪಿಗೆ ಕಳಿಸಿ ಕಂಬಳಿಯೊಳಗೆ ತಲೆ ಹುದುಗಿಸಿದಳು.

ಫೋನು ಸದ್ದು ಮಾಡಿತು. ಅವಳು ನೋಡಲೊಲ್ಲಳು, ನಾನೇ ಓದಿದೆ. ಟೇಗನ್ ಫ್ಲೋರಿಡಾದ ಮಾತೇ ಎತ್ತಿರಲಿಲ್ಲ. "ಎಷ್ಟು ತೂಕ ಇತ್ತೇ?" ಎಂದು ಕೇಳಿದ್ದಳು.

ಮಾರಿಟ್ ತಲೆ ಹೊರಹಾಕಿದಳು. "ಅಜ್ಜ, ಎಷ್ಟಿತ್ತು?"

"ತೂಗಲಿಲ್ಲವಲ್ಲ. ಒಂಬತ್ತು ಪೌಂಡ್ ಇದ್ದೀತು."

ಅವಳು ಹನ್ನೊಂದು ಎಂದು ಬರೆದು ನನ್ನ ಮುಖ ನೋಡಿದಳು. ಇವತ್ತಷ್ಟೇ ಒಂದು ಸುಳ್ಳಿನಿಂದ ಹೊರಬಂದವಳಿಗೆ ಏನು ಹೇಳಬೇಕೆಂದು ನಾನು ಯೋಚಿಸುವಷ್ಟರಲ್ಲಿ ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದ.

"ಹನ್ನೆರಡು ಹಾಕು," ಎಂದ. "ಯಾರಾದ್ರೂ ಕೇಳಿದ್ರೆ ನಾನಿದ್ದೀನಿ."