ಒಂದು ತೊಟ್ಟೂ ಚೆಲ್ಲದ ಹಾಗೆ

"ಹ್ಯಾಂಡ್‌ಬ್ರೇಕ್ ಇಳಿಸಿದೀಯೇನೇ? ತಳ್ಳಿ ತಳ್ಳಿ ಸೊಂಟ ಬಿದ್ದುಹೋಯ್ತು ನಂದು!"

ಸತ್ತವನ ತಂಗಿ ಕಾರಿನ ಹಿಂದಿನಿಂದ ಕೂಗಿದಳು. ಸ್ಟಿಯರಿಂಗ್ ಹಿಡಿದು ಕೂತಿದ್ದ ಅವನ ಮಗಳು ನಾಲಿಗೆ ಕಚ್ಚಿಕೊಂಡು ಬ್ರೇಕ್ ಇಳಿಸಿದಳು. ಕಾರು ಒಮ್ಮೆ ಮುಗ್ಗರಿಸಿ ಶೆಡ್ಡಿನಿಂದ ಅಂಗಳಕ್ಕೆ ಉರುಳಿತು. ಮನೆಯ ಹಾಲ್ ಇಕ್ಕಟ್ಟು. ಅವನನ್ನು ಮಲಗಿಸಿದರೆ ಬಂದವರು ನಿಲ್ಲುವುದಕ್ಕೆ ಜಾಗವಿಲ್ಲ. ಅದಕ್ಕೇ ಶೆಡ್ಡಿನಲ್ಲಿ ಮಲಗಿಸೋಣ ಎಂದು ಬೆಳಿಗ್ಗೆಯೇ ತೀರ್ಮಾನವಾಗಿತ್ತು.

ಕಾರು ಸರಿದ ಜಾಗದಲ್ಲಿ ಪಕ್ಕದ ಮನೆಯ ಮೇಷ್ಟ್ರು ಬಗ್ಗಿ, ಸಿಮೆಂಟಿನ ಮೇಲೆ ಬೆರಳಾಡಿಸಿ ನೋಡಿದರು. ಬೆರಳಿಗೆ ಏನೂ ಹತ್ತಲಿಲ್ಲ.

"ಮೂವತ್ತು ವರ್ಷ ಕಾರು ನಿಂತ ನೆಲ ಅಂದ್ರೆ ಯಾರು ನಂಬ್ತಾರೆ ಇದನ್ನ? ನಮ್ಮನೆ ಶೆಡ್ ಬಂದು ನೋಡಿ, ಎಣ್ಣೆ ಗಾಣ ಆಗಿದೆ."

"ಒಂದು ತೊಟ್ಟು ಚೆಲ್ಲಿದವರಲ್ಲ," ಎಂದಳು ಹೆಂಡತಿ. ಅತ್ತು ಅತ್ತು ಒಡೆದ ದನಿಯಲ್ಲೂ ಒಂದಿಷ್ಟು ಹೆಮ್ಮೆ ಉಳಿದಿತ್ತು. "ಎಣ್ಣೆನೂ ಅಷ್ಟೆ, ಮಾತೂ ಅಷ್ಟೆ."

ಅವನ ಮೌನವನ್ನು ಅವಳು ಮೂವತ್ತನಾಲ್ಕು ವರ್ಷ ಊರಿಗೆಲ್ಲ ವಿವರಿಸಿಕೊಂಡು ಬಂದಿದ್ದಳು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಎಂದು ಕೂಗುವ ಕೆಲಸ ಅವನದು. "ಇಡೀ ದಿನ ಕೂಗಿ ಕೂಗಿ ಮನೆಗೆ ಬರೋ ಹೊತ್ತಿಗೆ ಗಂಟಲಲ್ಲಿ ಏನೂ ಉಳಿದಿರಲ್ಲ, ಪಾಪ," ಎನ್ನುತ್ತಿದ್ದಳು. ನಾದಿನಿ ಮುಖ ಊದಿಸಿಕೊಂಡಾಗ, ಬೀಗರು ಬೇಸರಪಟ್ಟಾಗ, ಮಗಳು "ಅಪ್ಪ ನನ್ನ ಹತ್ರ ಯಾಕೆ ಮಾತಾಡಲ್ಲ?" ಎಂದು ಅತ್ತಾಗ, ಇದೇ ಉತ್ತರ. ಅವನು ನಿವೃತ್ತನಾಗಿ ಆರು ವರ್ಷವಾದ ಮೇಲೂ ಅವಳು ಉತ್ತರ ಬದಲಿಸಿರಲಿಲ್ಲ.

*

ತಿಂಗಳ ಮೊದಲ ಭಾನುವಾರ ಬಂತೆಂದರೆ ಅವನು ಕಾರಿನ ಕೆಳಗೆ, ಇಂಜಿನ್ ಎಣ್ಣೆ ಬದಲಿಸಲು.

ಮುಂದಿನ ಚಕ್ರಗಳನ್ನು ಇಳಿಜಾರು ಹಲಗೆಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಐದು ನಿಮಿಷ ಇಂಜಿನ್ ಓಡಿಸಿ ಎಣ್ಣೆ ಬೆಚ್ಚಗಾಗಲು ಬಿಡುತ್ತಿದ್ದ. ತಣ್ಣಗಿದ್ದರೆ ಸರಿಯಾಗಿ ಇಳಿಯುವುದಿಲ್ಲ, ತೀರ ಕಾದರೆ ಕೈ ಸುಡುತ್ತದೆ. ಕೆಳಗೆ ರಟ್ಟು, ರಟ್ಟಿನ ಮೇಲೆ ಹಳೆ ಪೇಪರು, ಪೇಪರಿನ ಮೇಲೆ ಅಗಲ ಬೋಗುಣಿ. ಎಣ್ಣೆ ಇಳಿಯುವ ತೂತಿನ ಬೋಲ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿದ ಮೇಲೆ ಬೆರಳಲ್ಲೇ ಒಳಕ್ಕೆ ಒತ್ತಿ ಹಿಡಿದು ತಿರುಗಿಸುವನು. ಕೊನೆಯ ಸುತ್ತು ಬಂದದ್ದು ಅವನ ಬೆರಳಿಗೆ ಮಾತ್ರ ಗೊತ್ತು. ಸರಕ್ಕನೆ ಕೈ ಸರಿಸಿದನೆಂದರೆ ಎಣ್ಣೆ ನೆಟ್ಟಗೆ ಬೋಗುಣಿಗೆ. ಫಿಲ್ಟರಿಗೆ ಮೊದಲೇ ಪ್ಲಾಸ್ಟಿಕ್ ಚೀಲ ತೊಡಿಸಿ, ಚೀಲದೊಳಗೇ ಬಿಚ್ಚಿ, ಗಂಟು ಹಾಕಿಬಿಡುತ್ತಿದ್ದ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು, ಹಳೆ ಎಣ್ಣೆ ಡಬ್ಬಿ ಸೇರಿ, ಅಂಗಿಯ ತೋಳು ಬಿಳಿಯಾಗಿಯೇ ಇರುತ್ತಿತ್ತು.

"ಗ್ಯಾರೇಜಿಗೆ ಕೊಟ್ಟು ಬರ್ತೀನಿ. ಚರಂಡಿಗೆ ಸುರೀಬಾರದು."

ಆ ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ. ಡಬ್ಬಿ ಹಿಡಿದು ನಡೆದು ಹೋದವನು ಊಟದ ಹೊತ್ತಿಗೆ ಬರುತ್ತಿದ್ದ.

"ಆ ಕಾರನ್ನೇ ಕಟ್ಕೋಬೇಕಿತ್ತು ನೀವು," ಎಂದು ಅವಳು ಮೊದಮೊದಲು ರೇಗುತ್ತಿದ್ದಳು. ಆಮೇಲೆ ರಾಜಿಯಾದಳು. ಬೇರೆಯವರ ಗಂಡಂದಿರು ಕುಡಿಯುತ್ತಾರೆ, ಇಸ್ಪೀಟಾಡುತ್ತಾರೆ. ಸವತಿಯೆಂದರೆ ನನಗೆ ನಾಲ್ಕು ಚಕ್ರದವಳು, ಎದುರು ಮಾತಾಡುವುದಿಲ್ಲವಲ್ಲ, ಸಾಕು ಎಂದು ತಾನೇ ನಗುತ್ತಿದ್ದಳು.

ಆ ಕಾರು ಕೊಂಡದ್ದು ಅವಳ ಮೊದಲ ಹೆರಿಗೆಗೆ ಆಸ್ಪತ್ರೆಗೆ ಹೋಗಲು. ಗಂಡು ಮಗು. ಹನ್ನೊಂದು ದಿನ ಇತ್ತು. ಏನು ಹೆಸರಿಡೋಣ ಎಂದು ಅವಳು ಕೇಳಿದಾಗಲೆಲ್ಲ ಅವನು "ನೋಡೋಣ" ಎಂದಿದ್ದ. ನೋಡುವಷ್ಟರಲ್ಲಿ ಮಗು ಹೋಯಿತು.

ಮಣ್ಣು ಮಾಡಿ ಬಂದ ಮರುದಿನ ಅವಳು ಗೋಡೆ ಹಿಡಿದುಕೊಂಡು ಶೆಡ್ಡಿಗೆ ಬಂದಳು. ಕಾರಿನ ಕೆಳಗಿಂದ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಆ ಕಾಲುಗಳ ಪಕ್ಕ ಕೂತಳು.

"ಸ್ವಲ್ಪ ಈಚೆ ಬನ್ನಿ. ಮಗು ವಿಷಯ ಮಾತಾಡ್ಬೇಕು ನಂಗೆ. ಇಲ್ಲಾಂದ್ರೆ ಹುಚ್ಚು ಹಿಡಿಯುತ್ತೆ."

ಕೆಳಗಿನಿಂದ ಒಂದು ಕೈ ಹೊರಬಂತು. "ಹದಿನೇಳು ನಂಬರ್ ಸ್ಪ್ಯಾನರ್ ಕೊಡು."

ಕೊಟ್ಟಳು. ಮತ್ತೆಂದೂ ಆ ವಿಷಯ ಎತ್ತಲಿಲ್ಲ. ಅವನಿಗೆ ಹೇಳಿಕೊಳ್ಳಲು ಬರುವುದಿಲ್ಲ, ಕೆದಕಿದರೆ ಇನ್ನೂ ನೋವು ಎಂದುಕೊಂಡು ತನ್ನದನ್ನೂ ನುಂಗಿದಳು. ಎರಡು ವರ್ಷದ ನಂತರ ಹುಟ್ಟಿದ ಮಗಳಿಗೂ ಹೇಳಲಿಲ್ಲ. ಹೇಳಿದರೆ ಮಗಳು ಅಪ್ಪನನ್ನು ಕೇಳಿಬಿಟ್ಟರೆ?

*

ಹನ್ನೊಂದು ಗಂಟೆಗೆ ಗ್ಯಾರೇಜಿನವನು ಬಂದ. ಐವತ್ತು ದಾಟಿದ ದಪ್ಪನೆಯ ಮನುಷ್ಯ. ಉಗುರಿನ ಸಂದಿಯ ಕಪ್ಪು ಎಷ್ಟು ತೊಳೆದರೂ ಹೋಗದ ಜಾತಿಯದು. ಬಂದವನೇ ಹೆಣದ ಕಾಲ ಬಳಿ ಕುಸಿದು ಕೂತು, ಸ್ವಂತ ಅಣ್ಣನೇ ಹೋದ ಹಾಗೆ ಗೊಳೋ ಎಂದು ಅತ್ತುಬಿಟ್ಟ.

"ಅಯ್ಯೋ ಅಣ್ಣಾ, ಇನ್ನು ನಮ್ಮನ್ನ ನಗಿಸೋರು ಯಾರು?"

ಶೆಡ್ಡಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ನಾದಿನಿ ಮೆಲ್ಲಗೆ ಕೇಳಿದಳು, "ನೀವು ಮನೆ ತಪ್ಪಿ ಬಂದಿಲ್ಲ ತಾನೆ?"

"ಏನಮ್ಮಾ ಹೀಗಂತೀರಿ! ಬಾಯಿ ಬಿಟ್ರೆ ನಗು, ನಮಗೆ ಹೊಟ್ಟೆ ಹಿಡ್ಕೊಳ್ಳೋ ಹಾಗೆ ಆಗೋದು." ಅವನು ಮೂಗೊರೆಸಿಕೊಂಡು ದನಿ ಬದಲಿಸಿದ. ಥೇಟ್ ಸತ್ತವನ ಮೈಕಿನ ದನಿ. "'ಪ್ರಯಾಣಿಕರ ಗಮನಕ್ಕೆ. ನಮ್ಮನೆಯಾಕೆ ಸಿಟ್ಟಿನಲ್ಲಿ ಅಡುಗೆಮನೆಯಿಂದ ಹೊರಟಿದ್ದಾರೆ. ಎಲ್ಲೂ ನಿಲುಗಡೆ ಇರುವುದಿಲ್ಲ. ದಯವಿಟ್ಟು ದಾರಿ ಬಿಡಿ.'"

ಮೇಷ್ಟ್ರು ಫಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದರು. ಮಗಳು ಅಳುವಿನ ನಡುವೆಯೇ ನಕ್ಕಳು. ಹೆಂಡತಿ ನಗಲಿಲ್ಲ.

"ಯಾವಾಗ ಹೇಳಿದ್ರು ಇದನ್ನ?"

"ಯಾವಾಗ ಏನಕ್ಕ, ಬಂದಾಗಲೆಲ್ಲ. ತಿಂಗಳಿಗೊಂದ್ಸಲ ಆಯಿಲ್ ಡಬ್ಬಿ ಹಿಡ್ಕೊಂಡು ಬರೋರಲ್ಲ."

"ಕಾರು ಅಂದ್ರೆ ಪ್ರಾಣ ಅವನಿಗೆ," ಎಂದರು ಮೇಷ್ಟ್ರು, ನಕ್ಕದ್ದನ್ನು ಮರೆಸಲು.

"ಕಾರೇನ್ ಬಂತು ಬಿಡಿ ಸಾರ್. ಆ ಕಾರು ಓಡಿದ್ದಾದ್ರೂ ಎಷ್ಟು? ಓಡಿದ ಗಾಡಿ ಆಯಿಲ್ ಕರ್ರಗಿರುತ್ತೆ. ಇವರು ತರ್ತಿದ್ದದ್ದು ಜೇನುತುಪ್ಪ ಇದ್ದ ಹಾಗೆ ಇರೋದು. ವರ್ಷಕ್ಕೊಂದ್ಸಲ ಬದಲಾಯಿಸಿದ್ರೂ ಜಾಸ್ತಿನೇ. ನಾನೇ ಬೈತಿದ್ದೆ, ಯಾಕಣ್ಣ ಹೀಗೆ ದಂಡ ಮಾಡ್ತೀರಿ, ಸುಮ್ನೆ ಬನ್ನಿ ಅಂತ. 'ಸುಮ್ನೆ ಹೋಗ್ತೀನಿ ಅಂದ್ರೆ ಮನೇಲಿ ಯಾಕೆ ಅಂತಾಳೆ ಕಣೋ' ಅನ್ನೋರು."

ಹೆಂಡತಿ ಗೋಡೆಗೆ ಒರಗಿದಳು. ಕಾರಿನ ಮೇಲೂ ಆಸೆಯಿರಲಿಲ್ಲ ಹಾಗಾದರೆ. ಇಷ್ಟು ವರ್ಷ ಒಂದು ಕಬ್ಬಿಣದ ಡಬ್ಬವನ್ನು ಸವತಿ ಎಂದುಕೊಂಡು ಹೊಟ್ಟೆ ಉರಿಸಿಕೊಂಡದ್ದೂ ದಂಡ.

ಅವಳ ಮುಖ ಕಂಡು ಗ್ಯಾರೇಜಿನವನು ಹತ್ತಿರ ಬಂದ. ಸಮಾಧಾನ ಹೇಳಬೇಕೆಂದೇ ಬಂದದ್ದು, ಪಾಪ.

"ಅಳಬೇಡಿ ಅಕ್ಕ. ಮಗನ ಹತ್ರ ಹೋದ್ರು ಅಂದ್ಕೊಳ್ಳಿ. ನಗಿಸಿ ನಗಿಸಿ ಕೊನೆಗೆ ಆ ಮಗು ಹೆಸರು ಹೇಳಿ ಕಣ್ಣೊರೆಸ್ಕೊಳ್ದೆ ಎದ್ದವರೇ ಅಲ್ಲ."

"ಯಾವ ಮಗು?" ಎಂದಳು ಮಗಳು. "ಅಮ್ಮ, ಯಾವ ಮಗ?"

ಅಮ್ಮನಿಗೆ ಅದು ಕೇಳಿಸಲಿಲ್ಲ. "ಹೆಸರಾ?" ಎಂದಳು.

"ಹೂಂ ಅಕ್ಕ. ಆಸ್ಪತ್ರೆಯಿಂದ ಬರೋ ದಾರೀಲಿ, ಇದೇ ಕಾರಲ್ಲಿ, ನೀವಿಬ್ರೂ ಕೂತು ಇಟ್ರಂತಲ್ಲ. ನೀವು ಒಂದು ಹೇಳಿದ್ರಂತೆ, ಅವರು ಒಂದು ಹೇಳಿದ್ರಂತೆ, ಜಗಳ ಆಡಿ ಕೊನೆಗೆ ನೀವೇ ಗೆದ್ರಂತೆ..."

ಅವಳ ಮುಖದಲ್ಲಿ ಏನು ಕಂಡನೋ, ಅವನ ಮಾತು ಅರ್ಧಕ್ಕೇ ನಿಂತಿತು.

"ಏನು ಹೆಸರು?"

"ಅಕ್ಕಾ..."

"ಏನು ಹೆಸರು ಅಂತ ಕೇಳಿದೆ."

ಅವನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದ. ತಾನು ಹೆತ್ತ ಮಗುವಿನ ಹೆಸರನ್ನು ಅವಳು ಮೊದಲ ಸಲ ಕೇಳಿದಳು, ಗ್ರೀಸಿನ ವಾಸನೆಯ ಹೊರಗಿನವನ ಬಾಯಲ್ಲಿ. ಚೆನ್ನಾಗಿತ್ತು ಹೆಸರು. ಅದು ಇನ್ನಷ್ಟು ಉರಿಸಿತು. ಮಾತು ಬಾರದವನೆಂದು ಕ್ಷಮಿಸಿದ್ದಳು ಗಂಡನನ್ನು. ಮಾತು ಬರುತ್ತಿತ್ತು, ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಅವಳ ಜೊತೆ ಆಡಬೇಕಾದ ಜಗಳವನ್ನೂ ಅವಳಿಲ್ಲದೆ ಆಡಿ, ಅವಳನ್ನೇ ಗೆಲ್ಲಿಸಿ, ಊರಿಗೆ ಹೇಳಿದ್ದ. ಮೋಸ, ಶುದ್ಧ ಮೋಸ.

ಹೊರಗೆ ವ್ಯಾನು ಬಂದು ನಿಂತಿತು. ನಾಲ್ಕು ಜನ ಹೆಣದ ಸುತ್ತ ಸೇರಿದರು. ಗ್ಯಾರೇಜಿನವನು ತಾನೂ ಹೆಗಲು ಕೊಡಲು ಎದ್ದ. ಅವಳು ಅವನ ತೋಳು ಹಿಡಿದು ಎಳೆದಳು.

"ಕೂತ್ಕೊಳ್ಳಿ. ನಾನು ಯಾವ ಹೆಸರು ಹೇಳಿದ್ನಂತೆ? ಅವರು ಏನಂದ್ರಂತೆ? ಮೊದಲಿಂದ ಹೇಳಿ."

"ಅಕ್ಕ, ಆಮೇಲೆ..."

"ಆಮೇಲೆ ಅನ್ಬೇಡಿ. ಈಗ."

ಅವನು ಹೊರಗೆ ಮನೆಯ ಮೆಟ್ಟಿಲ ಮೇಲೆ ಕೂತ. ಅವಳು ಅವನ ಎದುರು ಕೂತಳು, ಶೆಡ್ಡಿಗೆ ಬೆನ್ನು ಮಾಡಿ.

"ಅತ್ತಿಗೆ!" ನಾದಿನಿ ಗಾಬರಿಯಿಂದ ಕೂಗಿದಳು. "ಎತ್ತುತಾ ಇದಾರೆ ಅತ್ತಿಗೆ, ಕೊನೇ ಸಲ ಮುಖ ನೋಡ್ಕೋ ಬಾ!"

"ತಡಿ," ಎಂದಳು ಅವಳು ತಿರುಗದೆ. "ಇವರು ಮಾತಾಡ್ತಿದಾರೆ."

ಗ್ಯಾರೇಜಿನವನು ತಡವರಿಸುತ್ತ ಶುರು ಮಾಡಿದ. ಅವಳು ಅವನ ತೋಳು ಬಿಡದೆ, ಬಾಯನ್ನೇ ನೋಡುತ್ತ ಕೂತಿದ್ದಳು. ಬೆನ್ನ ಹಿಂದೆ ನಾಲ್ಕು ಜನ ಅವಳ ಗಂಡನನ್ನು ಗೇಟು ದಾಟಿಸುತ್ತಿದ್ದರು.