ಬೆಣ್ಣೆಯಂಥ ಬ್ರೇಕು

"ಈ ಕಾರಿನ ಬ್ರೇಕು ಬಲು ಗಟ್ಟಿ ಅಕ್ಕ. ಒತ್ತಿದ್ರೂ ನಿಲ್ಲಲ್ಲ," ಎಂದು ಡ್ರೈವಿಂಗ್ ಸ್ಕೂಲಿನ ಅಂಗಳದಲ್ಲಿ ಇಳಿದವಳೇ ತಂಗಿ ದೂರಿದಳು. "ನಿಮ್ಮ ಸ್ಕೂಲ್ ಕಾರಿಂದು ಬೆಣ್ಣೆ ಇದ್ದ ಹಾಗಿತ್ತು. ಹೀಗೆ ಸೋಕಿಸಿದ್ರೆ ಸಾಕು, ನಿಂತುಬಿಡ್ತಿತ್ತು."

ಕಾರು ಅವಳದೇ. ಹಳೆಯದು, ಬೂದು ಬಣ್ಣದ್ದು. ಲೈಸೆನ್ಸ್ ಕೈಗೆ ಬಂದ ಮರುದಿನವೇ ಕೊಂಡಿದ್ದಳು. ಡ್ರೈವಿಂಗ್ ಕಲಿಸಿದವಳು ಅಕ್ಕ. ಆ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುವುದೇ ಅವಳ ಕೆಲಸ.

ಸ್ಕೂಲಿನ ಮೆಕ್ಯಾನಿಕ್ ಬಾಗಿ ಚಕ್ರಗಳನ್ನೆಲ್ಲ ನೋಡಿದ, ಒಳಗೆ ಕೂತು ಪೆಡಲ್ ಒತ್ತಿದ, ಅಂಗಳದಲ್ಲೇ ಒಂದು ಸುತ್ತು ಹೊಡೆದು ಗಕ್ಕನೆ ನಿಲ್ಲಿಸಿದ. "ಬ್ರೇಕಿಗೆ ಏನೂ ಆಗಿಲ್ಲಮ್ಮ. ಎಲ್ಲಾ ಸರಿಯಾಗೇ ಇದೆ. ನೀವು ಬೆಳಿಗ್ಗೆ ಏನಾದ್ರೂ ತಿಂದು ಬಂದ್ರೋ ಇಲ್ವೋ, ಅದನ್ನ ಮೊದಲು ಹೇಳಿ."

"ತಿಂದಿದೀನಿ! ನಿಮ್ಮಷ್ಟು ತಿನ್ನಲ್ಲ ಅಷ್ಟೇ," ಎಂದು ತಂಗಿ ಅವನ ಹೊಟ್ಟೆಯ ಕಡೆ ನೋಡಿದಳು. ಮೆಕ್ಯಾನಿಕ್ ನಕ್ಕು ಕೈ ಒರೆಸಿಕೊಳ್ಳುತ್ತ ಹೋದ.

"ನೀನೇ ಕೂತು ನೋಡು ಬಾ," ಎಂದು ತಂಗಿ ಅಕ್ಕನನ್ನು ಪಕ್ಕದ ಸೀಟಿಗೆ ಕರೆದಳು. ಹಿಂದಿನ ಸೀಟಿನಲ್ಲಿ ತಂಗಿಯ ಮಗಳು ಕಾಲೇಜಿನ ಪುಸ್ತಕ ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಸೋಮವಾರ ಅವಳಿಗೆ ಪರೀಕ್ಷೆ. ಕಾಲೇಜು ಬೆಟ್ಟದ ಆಚೆಯ ಊರಿನಲ್ಲಿ. ಭಾನುವಾರ ಅಮ್ಮನೇ ಅವಳನ್ನು ಹಾಸ್ಟೆಲಿಗೆ ಬಿಟ್ಟು ಬರುವುದೆಂದು ನಿಶ್ಚಯವಾಗಿತ್ತು. ಕಾರು ಕೊಂಡಿದ್ದೇ ಅದಕ್ಕೆ.

ಮಾರ್ಕೆಟ್ಟಿನ ರಸ್ತೆಗೆ ತಿರುಗಿದ ಮೇಲೆ ಓಣಿಯೊಳಗಿಂದ ತರಕಾರಿಯ ತಳ್ಳುಗಾಡಿಯೊಂದು ಮೂತಿ ಹೊರಹಾಕಿತು. ಅಕ್ಕನ ಬಲಗಾಲು ತಾನಾಗಿಯೇ ಕೆಳಗಿಳಿದು ಒತ್ತಿತು. ಸ್ಕೂಲಿನ ಕಾರಿನಲ್ಲಾದರೆ ಆ ಕಾಲಡಿ ಕಲಿಸುವವರಿಗೆಂದೇ ಇನ್ನೊಂದು ಬ್ರೇಕು ಇರುತ್ತದೆ. ಇಲ್ಲಿ ಇದ್ದದ್ದು ರಬ್ಬರಿನ ಹಾಸು ಮಾತ್ರ. ಕಾರು ಹೋಗುತ್ತಲೇ ಇತ್ತು. ಗಾಡಿಯವನು ಕೂಗುತ್ತ ಗಾಡಿಯನ್ನು ಹಿಂದಕ್ಕೆಳೆದ. ಕಾರು ಪಕ್ಕಕ್ಕೆ ಸರಿದು, ಫುಟ್‌ಪಾತಿನ ಅಂಚಿಗೆ ಚಕ್ರ ಬಡಿದು, ಎಂಜಿನ್ ಆಫ್ ಆಗಿ ನಿಂತಿತು.

"ನಿಂತಿತಲ್ಲ!" ಎಂದು ತಂಗಿ ನಕ್ಕಳು. "ನೋಡಿದ್ಯಾ, ಬ್ರೇಕು ಎಷ್ಟು ಗಟ್ಟಿ ಅಂತ? ಆ ಮಹರಾಯನಿಗೂ ಕಣ್ಣು ಕಾಣಲ್ಲ."

ಅಕ್ಕ ನೋಡಿದ್ದು ಗಾಡಿಯನ್ನಲ್ಲ, ತಂಗಿಯ ಕಾಲನ್ನು. ಮಲಗಿದ ಕೂಸಿನ ಕೆನ್ನೆ ಮುಟ್ಟುವವಳಂತೆ ಅವಳು ಬ್ರೇಕಿನ ಮೇಲೆ ಕಾಲ್ಬೆರಳ ತುದಿಯನ್ನಷ್ಟೇ ಇಟ್ಟಿದ್ದಳು. ಮುಖದಲ್ಲಿ ಗಾಬರಿಯ ಸುಳಿವೂ ಇರಲಿಲ್ಲ. ಇನ್ನೇನು ನಿಲ್ಲುತ್ತದೆ ಎಂದು ಕಾಯುತ್ತಿದ್ದವಳ ಮುಖ ಅದು.

ಸಂಜೆ ತಂಗಿಯ ಮನೆಯಲ್ಲಿ ಚಹಾ ಕುಡಿಯುವಾಗ ಮಗಳು ಮೀನಿನ ತೊಟ್ಟಿಯ ಗಾಜನ್ನು ಉಗುರಿನಿಂದ ತಟ್ಟಿದಳು. ಮೀನುಗಳೆಲ್ಲ ಬಾಯಿ ತೆರೆದುಕೊಂಡು ಮೇಲೆ ಬಂದವು. ಅವಳು ಕಾಳು ಹಾಕಲಿಲ್ಲ.

"ನೋಡು ದೊಡ್ಡಮ್ಮ, ಆಗ್ಲೇ ಹೊಟ್ಟೆ ತುಂಬ ತಿಂದಿವೆ. ಆದ್ರೂ ಬರ್ತವೆ. ತಟ್ಟಿದಾಗೆಲ್ಲ ಊಟ ಸಿಕ್ಕಿದೆ, ಅದಕ್ಕೆ. ಏನು ಮಾಡಿದ್ರೆ ಏನು ಸಿಗುತ್ತೋ, ಅದೇ ನಮ್ಮನ್ನ ಇಂಥವರು ಅಂತ ಮಾಡೋದು. ಮನುಷ್ಯರೂ ಅಷ್ಟೇ ಅಂತ ಪುಸ್ತಕದಲ್ಲಿದೆ."

"ಪುಸ್ತಕದಲ್ಲಿರೋದನ್ನ ಪರೀಕ್ಷೇಲಿ ಬರಿ ತಾಯಿ. ಪಾಪ, ಮೀನಿಗೆ ಯಾಕೆ ಮೋಸ ಮಾಡ್ತೀಯ?" ಎನ್ನುತ್ತ ತಂಗಿ ಲೋಟಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು.

ಮಗಳು ದನಿ ತಗ್ಗಿಸಿದಳು. "ದೊಡ್ಡಮ್ಮ, ಸ್ಕೂಲ್ ಕಾರಲ್ಲಿ ನೀನು ನಿನ್ನ ಕಡೆ ಬ್ರೇಕ್ ಒತ್ತಿದ್ರೆ, ಅಮ್ಮನ ಕಾಲಡಿ ಇರೋದೂ ಕೆಳಗೆ ಹೋಗುತ್ತಾ?"

ಹೋಗುತ್ತದೆ. ಎರಡು ಪೆಡಲಿಗೂ ಸರಳು ಒಂದೇ.

ಕಲಿಸಿದ ದಿನಗಳನ್ನು ಅಕ್ಕ ಒಂದೊಂದಾಗಿ ನೆನೆದಳು. ತಂಗಿ ಸೋಕಿಸುವುದಕ್ಕೂ ಅಕ್ಕ ಒತ್ತುವುದಕ್ಕೂ ಒಂದು ಉಸಿರಿನಷ್ಟೂ ಅಂತರ ಇದ್ದಿರಲಾರದು. ಪ್ರತಿ ಸಲವೂ, ತಾನು ಪಕ್ಕದಲ್ಲಿ ಕೂತಿದ್ದ ಲೈಸೆನ್ಸ್ ಪರೀಕ್ಷೆಯ ದಿನವೂ, ಪೆಡಲು ತಂಗಿಯ ಕಾಲಡಿ ತಾನಾಗಿಯೇ ಬೆಣ್ಣೆಯಂತೆ ಜಾರಿದೆ, ಕಾರು ನಿಂತಿದೆ. ಸೋಕಿದರೆ ನಿಲ್ಲುತ್ತದೆ. ಅವಳ ಕಾಲಿಗೆ ಗೊತ್ತಿರುವುದು ಅಷ್ಟೇ. ಅವಳು ಇದುವರೆಗೆ ಒಮ್ಮೆಯೂ ಕಾಲೂರಿ ಬ್ರೇಕು ತುಳಿದೇ ಇಲ್ಲ.

ಅಕ್ಕನಿಗೆ ಕಲಿಸುವ ಕೆಲಸ ಹೊಸದೇನಲ್ಲ. "ನಮ್ಮ ಮೇಡಂ ಕೈಲಿ ಕಾರಿಗೆ ಒಂದು ಗೀರೂ ಬಿದ್ದಿಲ್ಲ," ಎಂದು ಸ್ಕೂಲಿನ ಯಜಮಾನರು ಬಂದವರೆದುರೆಲ್ಲ ಹೇಳಿಕೊಳ್ಳುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ಅವಳ ಕಾಲು ಇನ್ನಷ್ಟು ಬೇಗ ಬ್ರೇಕಿಗಿಳಿಯುವುದನ್ನು ಕಲಿತಿತ್ತೇನೋ. ಅವಳಿಂದ ಕಲಿತು ಹೋದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕಣ್ಣೆದುರು ಬಂದರು. ಬ್ಯಾಂಕಿನವಳು, ನರ್ಸು, ಅವಳಿ ಮಕ್ಕಳ ತಾಯಿ. ಈ ಹೊತ್ತಿನಲ್ಲಿ ಅವರು ಯಾವ ಯಾವ ರಸ್ತೆಯಲ್ಲಿದ್ದಾರೆ? ಗೀರು ಕಾಣದ ಆ ಕಾರು ಅವರಿಗೆ ಏನನ್ನು ಕಲಿಸಿ ಕಳಿಸಿದೆ? ಕೂತಲ್ಲೇ ಅವಳ ಕಾಲಿನ ಬೆರಳುಗಳು ನೆಲವನ್ನು ಒತ್ತುತ್ತಿದ್ದವು.

ತಂಗಿಯ ವಿಷಯ ಕಾರಿಗಿಂತ ಹಳೆಯದು. ತಾಯಿ ತೀರಿಕೊಂಡಾಗ ತಂಗಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಂದಿನಿಂದ ಒಲೆಗೂ ಅವಳಿಗೂ ನಡುವೆ, ಮೆಟ್ಟಿಲಿಗೂ ಅವಳಿಗೂ ನಡುವೆ ಅಕ್ಕನ ಕೈ ಇದ್ದೇ ಇತ್ತು. ತಂಗಿ ಎಡವಿದಳು, ಬೀಳಲಿಲ್ಲ. ಬೆಳೆದ ಮೇಲೆ ನೆಂಟರೆಲ್ಲ ಹೇಳುತ್ತಿದ್ದರು: ದೊಡ್ಡವಳು ಪುಕ್ಕಲಿ, ಚಿಕ್ಕವಳಿಗೆ ಭಯ ಅನ್ನೋದೇ ಗೊತ್ತಿಲ್ಲ. ಹುಟ್ಟುಗುಣ ಎಂದೇ ಇಬ್ಬರೂ ನಂಬಿದ್ದರು. ಈಗ ಅಕ್ಕನಿಗೆ ಅನ್ನಿಸಿತು, ಇಬ್ಬರ ಪಾಲಿನ ಭಯವನ್ನೂ ತಾನೊಬ್ಬಳೇ ತಿಂದು ಬೆಳೆದಿದ್ದೇನೆ.

"ಭಾನುವಾರ ಬಸ್ಸಲ್ಲಿ ಹೋಗಿ," ಎಂದಳು, ತಂಗಿ ಒಳಗಿಂದ ಬಂದಾಗ.

"ಶುರುವಾಯ್ತು ಇವಳದು!"

"ನಿನಗೆ ಬ್ರೇಕ್ ಹಾಕೋಕೆ ಬರಲ್ಲ ಕಣೇ."

"ಬರಲ್ವಾ? ಹಾಗಾದ್ರೆ ಇಷ್ಟು ದಿನ ಕಾರು ನಿಲ್ಲಿಸಿದ್ದು ಯಾರು, ನಮ್ಮಜ್ಜಿನಾ?" ತಂಗಿಗೆ ನಗು ತಡೆಯಲಾಗಲಿಲ್ಲ. "ನಮ್ಮನೇವ್ರು ದೂರದೂರಲ್ಲಿ ಕೆಲಸಕ್ಕಿದಾರೆ, ಎಲ್ಲಿಗೆ ಹೋಗ್ಬೇಕಾದ್ರೂ ನಾನು ಇನ್ನೊಬ್ಬರ ಮುಖ ನೋಡ್ಬೇಕು. ಈಗ ನನ್ನದೇ ಕಾರಿದೆ. ನಾನು ಹೋಗೋಳೇ. ನಿನಗೆ ಭಯ ಆದ್ರೆ ಮುಸುಕು ಹಾಕ್ಕೊಂಡು ಮಲಗು."

ಹೇಳಿ ಪ್ರಯೋಜನವಿರಲಿಲ್ಲ. ಅವಳ ಬಾಯಿಗೆ ಹೇಳಿದ್ದು ಅವಳ ಕಾಲಿಗೆ ತಲುಪುವುದು ಹೇಗೆ?

ಮರುದಿನ ಅಕ್ಕ ಸ್ಕೂಲಿನ ಅಂಗಳದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿ, ತಂಗಿಯನ್ನು ಸ್ಕೂಲ್ ಕಾರಿನಲ್ಲಿ ಕೂರಿಸಿದಳು. ತಾನು ಕಾಲು ಹಿಂದಕ್ಕೆಳೆದುಕೊಂಡು ಕೂತಳು. ತಂಗಿ ಸೀದಾ ಪೆಟ್ಟಿಗೆಗಳ ಮೇಲೆ ಕಾರು ನುಗ್ಗಿಸಿ ಬಿದ್ದು ಬಿದ್ದು ನಕ್ಕಳು. "ರಟ್ಟು ತಾನೇ!" ಅವಳ ಕಾಲು ಹೊಸದೇನನ್ನೂ ಕಲಿಯಲಿಲ್ಲ. ರಟ್ಟಿನಿಂದ ಏನೂ ಆಗುವುದಿಲ್ಲವೆಂದು ಅದಕ್ಕೆ ತಿಳಿದಿತ್ತು.

ಹಾಗಾದರೆ ಏನಾದರೂ ಆಗುವಂಥದ್ದೇ ಬೇಕು. ಈ ಯೋಚನೆ ಬಂದಾಗ ಅಕ್ಕನಿಗೆ ತನ್ನನ್ನು ಕಂಡೇ ಹೆದರಿಕೆಯಾಯಿತು.

ಗೋದಾಮುಗಳ ಹಿಂದೆ ಇಳಿಜಾರಾದ ಒಂದು ರಸ್ತೆ ಇತ್ತು. ಅದರ ಕೊನೆಗೆ ಇಟ್ಟಿಗೆ ಗೋಡೆ. ಶನಿವಾರ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಸ್ಕೂಲ್ ಕಾರನ್ನು ಮೇಲೆ ನಿಲ್ಲಿಸಿ, ಅಕ್ಕ ತಂಗಿಯ ಬೆಲ್ಟನ್ನು ಎಳೆದು ನೋಡಿದಳು, ತನ್ನದನ್ನೂ ಬಿಗಿದುಕೊಂಡಳು. ಆಮೇಲೆ ಚಪ್ಪಲಿ ಬಿಟ್ಟು, ಎರಡೂ ಕಾಲುಗಳನ್ನು ಸೀಟಿನ ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತಳು. ಕೈ ಹ್ಯಾಂಡ್‌ಬ್ರೇಕಿನ ಕಡೆ ಹೋಗದಂತೆ ಅವನ್ನು ತೊಡೆಯಡಿ ಸೇರಿಸಿಕೊಂಡಳು.

"ಇದೇನು ಅಕ್ಕ, ಊಟಕ್ಕೆ ಕೂತವಳ ಹಾಗೆ?"

"ಬಿಡು ಕಾರು. ಗೋಡೆ ಮುಂದೆ ನಿಲ್ಲಿಸು."

ಸೆಕೆಂಡ್ ಗೇರಿನಲ್ಲಿ ಕಾರು ಇಳಿಯತೊಡಗಿತು. ವೇಗವೇನೂ ಇರಲಿಲ್ಲ, ಓಡುವ ಮನುಷ್ಯನಷ್ಟೇ. ಆದರೂ ಅಕ್ಕನ ಮಡಿಚಿದ ಬಲಗಾಲಿನ ಹೆಬ್ಬೆರಳು ತಾನಾಗಿ ನೆಟ್ಟಗಾಗುತ್ತಿತ್ತು, ಅದನ್ನು ಇನ್ನೊಂದು ಕಾಲಿನಿಂದ ಅದುಮಿ ಹಿಡಿದಳು.

ತಂಗಿ ಬ್ರೇಕನ್ನು ಸೋಕಿಸಿದಳು. ಕಾರು ನಿಲ್ಲಲಿಲ್ಲ.

"ಅಯ್ಯೋ, ಇದೂ ಗಟ್ಟಿ..."

ಇನ್ನೊಮ್ಮೆ ಸೋಕಿಸಿದಳು. ಗೋಡೆ ಹತ್ತಿರ ಬರುತ್ತಿತ್ತು. ತಂಗಿಯ ಮುಖ ಅಕ್ಕನ ಕಡೆ ತಿರುಗಿತು. ಬಿದ್ದ ಮಗು ಅಳುವುದಕ್ಕೆ ಮೊದಲು ಯಾರಾದರೂ ಇದ್ದಾರೆಯೇ ಎಂದು ನೋಡುವ ನೋಟ ಅದು. ಅಕ್ಕ ಆ ಕಡೆ ತಿರುಗಲಿಲ್ಲ. ತಿರುಗಿದರೆ ಕಾಲು ಇಳಿದುಬಿಡುತ್ತಿತ್ತು.

"ಅಕ್ಕಾ! ಹಿಡಿ!"

ಇಟ್ಟಿಗೆಗಳ ನಡುವಿನ ಗಾರೆ ಕಾಣಿಸಿತು. ಗಾರೆಯಲ್ಲಿ ಬೆಳೆದ ಹುಲ್ಲು ಕಾಣಿಸಿತು. ತಂಗಿಯನ್ನು ನನ್ನ ಕೈಯಾರೆ ಕೊಲ್ಲುತ್ತಿದ್ದೇನೆ ಎಂದು ಅಕ್ಕನಿಗೆ ಅನ್ನಿಸಿತು.

ತಂಗಿ ಚೀರಿದಳು. ಸೀಟಿನಿಂದ ಅರ್ಧ ಎದ್ದು ಮೈಯ ಭಾರವನ್ನೆಲ್ಲ ಒಂದೇ ಕಾಲಿಗೆ ಹಾಕಿ ತುಳಿದಳು. ಟೈರುಗಳು ಕಿರುಗುಟ್ಟಿದವು. ಕಾರು ಮುಗ್ಗರಿಸಿ, ಗೋಡೆಯನ್ನು ಕರಕ್ಕೆಂದು ಮುಟ್ಟಿ ನಿಂತಿತು.

ಆಮೇಲೆ ತಂಗಿ ಅಕ್ಕನ ಭುಜಕ್ಕೆ ಗುದ್ದತೊಡಗಿದಳು. "ಯಾಕೆ ಹಿಡೀಲಿಲ್ಲ? ಸತ್ತಿದ್ರೆ? ನಿನಗೇನು ತಲೆ ಕೆಟ್ಟಿದೆಯಾ?" ಗುದ್ದುವ ಕೈ ನಡುವೆ ತಟ್ಟನೆ ನಿಂತಿತು. ತಂಗಿ ತನ್ನ ಕಾಲನ್ನು ನೋಡಿಕೊಂಡಳು, ಅಕ್ಕನ ಮಡಿಚಿದ ಕಾಲುಗಳನ್ನು ನೋಡಿದಳು.

"ಇಷ್ಟು ದಿನ... ನೀನಾ?"

ಅಕ್ಕ ತಲೆಯಾಡಿಸಿದಳು.

"ಎಲ್ಲಾ ಸಲನೂ?"

"ಹೂಂ."

ತಂಗಿಯ ಮುಖದಿಂದ ಬಣ್ಣ ಇಳಿಯುವುದನ್ನು ಅಕ್ಕ ನೋಡಿದಳು. ಆ ಮುಖದಲ್ಲಿ ಭಯವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಅದು ಥೇಟ್ ತನ್ನ ಮುಖದಂತೆಯೇ ಇತ್ತು. ಇಷ್ಟು ವರ್ಷ ಯಾವುದರಿಂದ ಕಾಪಾಡಿದೆನೋ ಅದನ್ನೇ ಈಗ ಕೈಗಿಟ್ಟೆ. ಇನ್ನು ಇವಳು ಸ್ಟೇರಿಂಗ್ ಮುಟ್ಟದೆಯೇ ಹೋದರೆ?

"ಮಾರ್ಕೆಟ್ಟಲ್ಲಿ ಆ ಗಾಡಿಯವನು," ಎಂದಳು ತಂಗಿ ಮೆಲ್ಲನೆ. "ಹಿಂದುಗಡೆ ಮಗಳು ಕೂತಿದ್ಲು." ಮೂಗೊರೆಸಿಕೊಂಡು ಗೇರನ್ನು ರಿವರ್ಸಿಗೆ ಹಾಕಿದಳು. "ಇನ್ನೊಂದು ಸಲ ಹೋಗೋಣ. ನೀನು ಹಾಗೇ ಕೂತಿರು."

ಗೋಡೆಯ ಮುಂದೆ ಮತ್ತೆ ಮತ್ತೆ ನಿಂತರು. ಪ್ರತಿ ಸಲವೂ ತಂಗಿ ಚೂರು ದೂರದಲ್ಲೇ ನಿಲ್ಲಿಸಿದಳು. ಪ್ರತಿ ಸಲವೂ ಅಕ್ಕನಿಗೆ ಜೀವ ಬಾಯಿಗೆ ಬಂದು ಹೋಯಿತು. ವಾಪಸು ಬರುವಾಗ ಜೋಮು ಹಿಡಿದ ಕಾಲುಗಳನ್ನು ಅಕ್ಕ ಮೆಲ್ಲಗೆ ಕೆಳಗೆ ಬಿಟ್ಟಳು. ಮುಂದೆ ಒಬ್ಬ ಸೈಕಲ್ಲಿನವನು ಅಡ್ಡ ಬಂದ.

"ಅಕ್ಕ, ಕಾಲು ಮೇಲೆ," ಎಂದಳು ತಂಗಿ, ರಸ್ತೆಯಿಂದ ಕಣ್ಣು ಕೀಳದೆ.

ಸ್ಕೂಲಿನಲ್ಲಿ ಯಜಮಾನರು ಬಂಪರಿನ ಗೀರನ್ನು ಬೆರಳಿನಿಂದ ಸವರಿ, "ಮೇಡಂ, ಇದು ನಿಮ್ಮಿಂದಾ?" ಎಂದರು, ನಂಬಲಾರದವರಂತೆ.

"ನನ್ನಿಂದಲೇ ಸಾರ್. ನನ್ನ ಹತ್ರ ಕಲಿತೋರ್ನೆಲ್ಲ ಒಂದೊಂದು ಸಲ ವಾಪಸು ಕರೀಬೇಕು."

ಭಾನುವಾರ ಬೆಳಿಗ್ಗೆ ಮಗಳ ಟ್ರಂಕು ಡಿಕ್ಕಿಯಲ್ಲಿ ಕೂತಿತು. "ನಾನೂ ಬರಲಾ?" ಎಂದು ಅಕ್ಕ ಕೇಳಿದಳು. ತಂಗಿ ಬೆಲ್ಟು ಬಿಗಿದುಕೊಂಡಳು. "ಬೇಡ. ನೀನು ಪಕ್ಕದಲ್ಲಿದ್ರೆ ನನ್ನ ಕಾಲು ನಿನ್ನ ಕಾಲಿಗೆ ಕಾಯುತ್ತೆ." ಮಗಳು ಕಿಟಕಿಯಿಂದ ಕೈ ಬೀಸಿದಳು.

ಅಕ್ಕ ಗೇಟಿನಲ್ಲಿ ನಿಂತಳು. ಬೂದು ಕಾರು ಬೀದಿಯ ಕೊನೆಗೆ ಹೋಗುತ್ತಿತ್ತು. ಅಲ್ಲಿಂದ ಎಡಕ್ಕೆ ತಿರುಗಿದರೆ ಬೆಟ್ಟದ ರಸ್ತೆ. ತಿರುವಿನಲ್ಲಿ ಲಾರಿಯೊಂದು ಅಡ್ಡ ಹಾಯಿತು. ಅಕ್ಕನ ಕಾಲು ಚಪ್ಪಲಿಯೊಳಗೆ ನೆಲವನ್ನು ಬಲವಾಗಿ ಒತ್ತಿತು.

ಅಷ್ಟು ದೂರದಲ್ಲಿ ಕಾರಿನ ಹಿಂದಿನ ದೀಪಗಳೆರಡೂ ಕೆಂಪಗೆ ಹೊತ್ತಿಕೊಂಡವು. ಲಾರಿ ದಾಟಿ ಹೋದ ಮೇಲೂ ಅವು ಆರಲಿಲ್ಲ. ಹಿಂದಿನ ಸ್ಕೂಟರಿನವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ.

ಹೊಡ್ಕೊಳ್ಲಿ, ಎಂದುಕೊಂಡಳು ಅಕ್ಕ. ದೀಪಗಳು ಆರಿ, ಕಾರು ಎಡಕ್ಕೆ ತಿರುಗಿ ಕಣ್ಮರೆಯಾಯಿತು. ಕಾಲನ್ನು ನೆಲದಿಂದ ಎತ್ತಲು ಅವಳಿಗೆ ಬಹಳ ಹೊತ್ತು ಹಿಡಿಯಿತು.